ವಿಶ್ವೇಶ್ವರಯ್ಯನವರಿಗೆ ಅರಿಶಿನ ಶಾಸ್ತ್ರ: ತಾತನ ಸ್ಟ್ಯಾಂಪ್ ಡಬ್ಬಿ

ನಮಸ್ಕಾರ. ಇದು ಪಾಂಡವಪುರದ ಹತ್ರ ಇರೋ ನಮ್ಮಜ್ಜಿ ಮನೆ ಜಗಲಿ. ಮೈಸೂರಿಂದ ಬೆಳಿಗ್ಗೆ ಬಂದಿದ್ದು ಅಟ್ಟ ಕ್ಲೀನ್ ಮಾಡಿಕೊಡೋಕೆ. ಅಟ್ಟ ಹಂಗೇ ಇದೆ. ಯಾಕಂದ್ರೆ ಅಲ್ಲಿ ಈ ಡಬ್ಬಿ ಸಿಕ್ತು. ತುಕ್ಕು ಹಿಡಿದ ಬಿಸ್ಕತ್ ಡಬ್ಬಿ, ಒಳಗೆ ತಾತ ಕೂಡಿಟ್ಟ ಸ್ಟ್ಯಾಂಪುಗಳು. ಕೆಲವು ಬಿಡಿ, ಕೆಲವು ಇನ್ನೂ ಹರಿದ ಕವರ್ ಮೂಲೆಗೇ ಅಂಟ್ಕೊಂಡಿವೆ.

ಅಜ್ಜಿ ಬಾಗಿಲಲ್ಲಿ ನಿಂತು ನೋಡಿದ್ರು. "ಏನ್ಲಾ ಮಗ, ಹರಿದೋದ್ ಕಾಗ್ದ ಇಟ್ಕಂಡು ಕುಂತಿದ್ದೀಯ? ನಿಮ್ ತಾತುಂಗೂ ಇದೇ ಹುಚ್ಚು."

ಮೊದಲೇ ಹೇಳಿಬಿಡ್ತೀನಿ, ಲಕ್ಷಗಟ್ಟಲೆ ಬಾಳೋದು ಇದರಲ್ಲಿ ಒಂದೂ ಇಲ್ಲ. ಅಂಥದ್ದು ಬೇಕಂದ್ರೆ 1852ರ 'ಸಿಂಧ್ ಡಾಕ್' ಇರಬೇಕು. ಬಾರ್ಟ್ಲ್ ಫ್ರಿಯರ್ ಅನ್ನೋ ಅಧಿಕಾರಿ ಸಿಂಧ್ ಪ್ರಾಂತ್ಯದಲ್ಲಿ ತಂದ ಅರ್ಧ ಆಣೆ ಸ್ಟ್ಯಾಂಪ್, ಏಷ್ಯಾದಲ್ಲೇ ಮೊದಲನೇದು. ಅದರ ಒಂದು ಬಗೆಯನ್ನ ಕೆಂಪು ಅರಗಿನ ಬಿಲ್ಲೆ ಥರ ಮಾಡಿದ್ರು. ಅರಗು ತಾನೇ, ದಾರಿಯಲ್ಲೇ ಪುಡಿ ಪುಡಿ. ಇಲ್ಲಾಂದ್ರೆ 1854ರ ನಾಲ್ಕಾಣೆಯ ಆ ತಪ್ಪು ಸ್ಟ್ಯಾಂಪ್ ಇರಬೇಕು. ಅದನ್ನ ಎರಡು ಬಣ್ಣದಲ್ಲಿ ಎರಡು ಸಲ ಅಚ್ಚು ಹಾಕಬೇಕಿತ್ತು, ಕೆಂಪು ಚೌಕಟ್ಟು ಒಂದ್ಸಲ, ನೀಲಿ ತಲೆ ಇನ್ನೊಂದ್ಸಲ. ಯಾರೋ ಹಾಳೆ ತಿರುಗಿಸಿ ಇಟ್ಟರು, ವಿಕ್ಟೋರಿಯಾ ರಾಣಿ ತಲೆಕೆಳಗಾದಳು. ಈಗ ಅಂಥವು ಕೆಲವೇ ಕೆಲವು ಉಳಿದಿವೆ.

ನನಗೆ ಆ ತಲೆಕೆಳಗಾದ ರಾಣಿಗಿಂತ ಅದೇ 1854ರ ಇನ್ನೊಂದು ವಿಷಯ ದೊಡ್ಡದು ಅನ್ಸುತ್ತೆ. ಅಲ್ಲಿವರೆಗೂ ಕಾಗದ ಎಷ್ಟು ದೂರ ಹೋಗುತ್ತೋ ಅಷ್ಟು ದುಡ್ಡು. ಎಷ್ಟೋ ಸಲ ಕೊಡಬೇಕಾಗಿದ್ದು ಕಾಗದ ಬಂದ ಮನೆಯವರೇ. ಅಕ್ಟೋಬರ್ 1ರಿಂದ ಇಡೀ ದೇಶಕ್ಕೆ ಒಂದೇ ದರ ಬಂತು: ಕಾಲು ತೊಲ ತೂಕದ ಕಾಗದ ಎಲ್ಲಿಗೆ ಹೋದರೂ ಅರ್ಧ ಆಣೆ. ಕಾಲು ತೊಲ ಅಂದ್ರೆ ಮೂರು ಗ್ರಾಂಗೂ ಒಂಚೂರು ಕಮ್ಮಿ. ಮನಸ್ಸಲ್ಲಿರೋದನ್ನೆಲ್ಲ ಬರೆಯೋ ಹಂಗಿಲ್ಲ.

ನಮ್ಮ ಮೈಸೂರು ಸಂಸ್ಥಾನದ ಸ್ಟ್ಯಾಂಪ್ ಹೆಂಗಿತ್ತು ಅಂತ ಕೇಳ್ತೀರಿ, ಗೊತ್ತು. ನಾನೂ ಹುಡುಕಿದೆ. ಹೈದರಾಬಾದಿಗೆ ಇತ್ತು, ತಿರುವಾಂಕೂರಿಗೆ ಇತ್ತು, ಪುಟ್ಟ ಕೊಚ್ಚಿಗೂ ಇತ್ತು. ನಮಗೆ ಇರಲೇ ಇಲ್ಲ! ಹಂಗಂತ ಟಪಾಲು ಇರಲಿಲ್ಲ ಅಂತಲ್ಲ. ಚಿಕ್ಕದೇವರಾಜ ಒಡೆಯರ ಕಾಲದಿಂದಲೂ 'ಅಂಚೆ' ಓಡ್ತಿತ್ತು. ಅಂಚೆಯವರು ಕಾಗದ ಹೊರೋದರ ಜೊತೆಗೆ ಊರಿನ ಸುದ್ದಿಯನ್ನೂ ಅರಮನೆಗೆ ಮುಟ್ಟಿಸ್ತಿದ್ರು, ಅಂದ್ರೆ ಅರ್ಧ ಪೋಸ್ಟ್‌ಮನ್, ಅರ್ಧ ಗೂಢಚಾರ. 1889ರಲ್ಲಿ ಅದು ಬ್ರಿಟಿಷ್ ಅಂಚೆಯೊಳಗೆ ಸೇರಿಹೋಯ್ತು. ಉಳಿದಿದ್ದು ಹೆಸರು. ಇವತ್ತು ದೆಹಲಿಯ ಇಲಾಖೆಗೂ ಕನ್ನಡದಲ್ಲಿ ನಾವು ಅಂಚೆ ಇಲಾಖೆ ಅಂತಲೇ ಅಂತೀವಿ.

ಈಗ ಇದನ್ನ ನೋಡಿ. ಅಶೋಕ ಸ್ತಂಭದ ಸಿಂಹಗಳು, 1½ ಆಣೆ, 1947ರ ಡಿಸೆಂಬರ್. ಊರಿಂದ ಊರಿಗೆ ಕಾಗದ ಹಾಕೋಕೆ ಅಂತ ಬಂದಿದ್ದು. ಸ್ವತಂತ್ರ ಭಾರತದ ಮೊಟ್ಟಮೊದಲನೇದು ಇದಲ್ಲ, ಬಾವುಟದ್ದು, 3½ ಆಣೆ, ಮೇಲೆ 'ಜೈ ಹಿಂದ್'. ಅದು ಹೊರದೇಶದ ಕಾಗದಕ್ಕೆ. ಅದೂ ಬಂದಿದ್ದು ನವೆಂಬರ್ 21ಕ್ಕೆ. ಆಗಸ್ಟಲ್ಲಿ ಬಾವುಟ ಹಾರಿಸಿ ಮೂರು ತಿಂಗಳ ಮೇಲಾದರೂ ಕವರ್ ಮೇಲೆ ಆರನೇ ಜಾರ್ಜ್ ದೊರೆಯೇ ಕೂತಿದ್ದ.

ಗಾಂಧಿ ಸ್ಟ್ಯಾಂಪ್ ಬಂದಿದ್ದು 1948ರ ಆಗಸ್ಟ್ 15ಕ್ಕೆ. ಅಚ್ಚಾಗಿದ್ದು ಎಲ್ಲಿ ಗೊತ್ತಾ? ಸ್ವಿಟ್ಜರ್ಲೆಂಡಲ್ಲಿ. ನಮ್ಮದೇ ನಾಸಿಕ್ ಪ್ರೆಸ್ 1920ರ ದಶಕದಿಂದ ಸ್ಟ್ಯಾಂಪ್ ಮುದ್ರಿಸ್ತಾ ಇತ್ತು, ಆದರೂ ಸ್ವದೇಶಿ ಮುದುಕಪ್ಪ ವಿದೇಶಿ ಅಚ್ಚಲ್ಲಿ ಬಂದರು. 2011ರಲ್ಲಿ ಖಾದಿ ಬಟ್ಟೆ ಮೇಲೇ ಗಾಂಧಿಯನ್ನ ಮುದ್ರಿಸಿ 250 ರೂಪಾಯಿ ಬೆಲೆ ಇಟ್ಟರು. ಪ್ರಾಯಶ್ಚಿತ್ತ ಇರಬೇಕು.

ಹಳೇ ಸ್ಟ್ಯಾಂಪಿನ ವಯಸ್ಸು ಹೇಳೋಕೆ ಒಂದು ಸುಲಭದ ದಾರಿ ಇದೆ. ಆಣೆ ಅಂತಿದ್ರೆ 1957ರ ಏಪ್ರಿಲ್‌ಗಿಂತ ಹಿಂದಿನದು. 'ನಯಾ ಪೈಸಾ' ಅಂತಿದ್ರೆ ಅಲ್ಲಿಂದ 1964ರ ಒಳಗಿನದು, ಆಮೇಲೆ ನಯಾ ಹೋಗಿ ಬರೀ ಪೈಸೆ ಆಯ್ತು. ಈ ಲೆಕ್ಕದಲ್ಲಿ ಡಬ್ಬಿಯ ಮುಕ್ಕಾಲು ಭಾಗ ತಾತ ಮೇಷ್ಟ್ರಾಗಿದ್ದ ಕಾಲದ್ದು.

ಇನ್ನು ಬಿಡಿಸೋದು. ಒಣಗಿದ್ದಾಗ ಕೀಳಬಾರದು, ಹಿಂದಿನ ಪದರ ಹರಿದುಹೋಗುತ್ತೆ. ಕವರ್ ಮೂಲೆ ಸಮೇತ ಕತ್ತರಿಸಿ, ಮುಖ ಮೇಲಕ್ಕಿಟ್ಟು ಉಗುರು ಬೆಚ್ಚಗಿನ ನೀರಲ್ಲಿ ತೇಲಿಬಿಡಬೇಕು. ಇಪ್ಪತ್ತು ನಿಮಿಷಕ್ಕೆ ಗೋಂದು ಬಿಟ್ಟು ತಾನೇ ಜಾರುತ್ತೆ. ಚಿಮುಟದಲ್ಲಿ ಎತ್ತಿ, ಪೇಪರ್ ಮೇಲೆ ಮಗುಚಿ ಹಾಕಿ, ಆರಿದ ಮೇಲೆ ದಪ್ಪ ಪುಸ್ತಕದ ಅಡಿ ಇಡೋದು. ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಟ್ಟು ಮಾಡಿದೆ. ಒಂದೇ ತಟ್ಟೆಗೆ ಎಲ್ಲ ಮೂಲೆಗಳನ್ನೂ ಸುರಿದೆ. ಅದರಲ್ಲೊಂದು ಮದುವೆ ಲಗ್ನಪತ್ರಿಕೆಯ ಕವರ್, ಮೂಲೆಗೆ ಅರಿಶಿನ ಹಚ್ಚಿದ್ರು. ತಟ್ಟೆ ನೀರೆಲ್ಲ ಹಳದಿ. ಪಕ್ಕದಲ್ಲಿ ತೇಲ್ತಿದ್ದಿದ್ದು ಯಾರು? ಸರ್ ಎಂ. ವಿಶ್ವೇಶ್ವರಯ್ಯ, 1960ರ ಸೆಪ್ಟೆಂಬರ್ 15, 15 ನಯಾ ಪೈಸಾ.

ಬದುಕಿರೋರ ಸ್ಟ್ಯಾಂಪ್ ಸಾಮಾನ್ಯವಾಗಿ ತರಲ್ಲ. 1958ರಲ್ಲಿ, ಹೆಣ್ಣುಮಕ್ಕಳ ಓದಿಗಾಗಿ ದುಡಿದ ಮಹರ್ಷಿ ಕರ್ವೆ ಅವರಿಗೆ ನೂರು ತುಂಬಿದಾಗ ತಂದರು, ಆಮೇಲೆ ಇವರಿಗೆ. ತಮ್ಮದೇ ಸ್ಟ್ಯಾಂಪ್ ನೋಡಿ, 1962ರಲ್ಲಿ ತೀರಿಕೊಂಡರು. ಅಂಥವರಿಗೆ ನಾನು ಅರಿಶಿನ ಶಾಸ್ತ್ರ ಮಾಡಿಬಿಟ್ಟೆ. ಹತ್ತಿಯಲ್ಲಿ ಒತ್ತಿದೆ, ಬೇರೆ ನೀರಲ್ಲಿ ಅದ್ದಿದೆ, ಹೋಗಲಿಲ್ಲ. ಕಲೆ ಬಿದ್ದ ಸ್ಟ್ಯಾಂಪನ್ನ ಯಾವ ಸಂಗ್ರಹಕಾರನೂ ಮುಟ್ಟಲ್ಲ.

ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿದ್ರು. "ಕನ್ನಂಬಾಡಿ ಕಟ್ಟಿಸ್ದೋರ್ನ ಹಿಂಗಾ ಮಾಡಾದು?" ಅಂದ್ರು. ಆಮೇಲೆ ಅವರೇ, "ಇರ್ಲಿ ಬುಡು, ಅರಿಶ್ನ ತಾನೆ, ಒಳ್ಳೇದೇಯ."

ಡಬ್ಬಿ ಮೈಸೂರಿಗೆ ತಗೊಂಡ್ ಹೋಗ್ಲಾ ಅಂದೆ. ತಗೊಂಡೋಗು ಅಂದ್ರು. ಅದೊಂದನ್ನ ಮಾತ್ರ ಎತ್ತಿ, ಸೆರಗಲ್ಲಿ ಒರೆಸಿ, ದೇವರ ಫೋಟೋ ಚೌಕಟ್ಟಿನ ಸಂದಿಗೆ ಸಿಕ್ಕಿಸಿದ್ರು. ಈಗ ಅಲ್ಲೇ ಇದೆ, ಶ್ರೀರಂಗನಾಥನ ಪಾದದ ಹತ್ರ. ಅಟ್ಟ ಮುಂದಿನ ವಾರ.