ಅಳಿವೆಯ ನೀರು ಯಾವ ಹೊತ್ತಿನದು?

(ಮಂಗಳೂರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ತಿದ್ದಲು ನನ್ನ ಬಳಿ ಬಂದ ಒಂದು ಪ್ರಬಂಧದಲ್ಲಿ ಹೀಗೊಂದು ವಾಕ್ಯವಿತ್ತು: ‘ನೇತ್ರಾವತಿ ಅಳಿವೆಯಲ್ಲಿ ನೀರಿನ ಮಾದರಿಗಳ ಸಂಗ್ರಹಣಾ ಕಾರ್ಯವನ್ನು ಕೈಗೊಳ್ಳಲಾಯಿತು.’

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ನಾಳೆ ಇನ್ನೊಬ್ಬರು ಅದೇ ಕೆಲಸ ಮಾಡಿ ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು? ಹೊಳೆ ಕಡಲು ಸೇರುವ ಆ ಜಾಗದಲ್ಲಿ ಬೆಂಗ್ರೆ ಕಡೆಗೋ, ಉಳ್ಳಾಲದ ಕಡೆಗೋ? ಆಗ ಉಬ್ಬರವಿತ್ತೋ, ಇಳಿತವೋ? ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವಾಗ ಉಪ್ಪುನೀರು ಹೊಳೆಯೊಳಗೆ ನುಗ್ಗುತ್ತದೆ. ಬೇಸಿಗೆಯ ಅಳಿವೆ ಬೇರೆ, ಮಳೆಗಾಲದ ಆಟಿ ತಿಂಗಳಲ್ಲಿ ಕೆಂಪು ನೀರು ತುಂಬಿದ ಅಳಿವೆ ಬೇರೆ. ಹೊತ್ತು ಹೇಳದೆ ಉಪ್ಪಿನಂಶದ ಲೆಕ್ಕ ಕೊಟ್ಟರೆ ಅದನ್ನು ಯಾವುದಕ್ಕೆ ಹೋಲಿಸುವುದು?

ಬರೆದ ವಿದ್ಯಾರ್ಥಿನಿಯನ್ನೇ ಕೇಳಿದೆ. ಪಟಪಟನೆ ಹೇಳಿದಳು: ‘ಸರ್, ಜನವರಿಯಿಂದ ಮೇವರೆಗೆ ತಿಂಗಳಿಗೆ ಎರಡು ಸಲ ದೋಣಿಯಲ್ಲಿ ಬೆಂಗ್ರೆ ಕಡೆ ಹೋಗಿದ್ದೆವು. ಉಬ್ಬರ ಪೂರ್ತಿ ಏರಿದಾಗ ಅರ್ಧ ಮೀಟರ್ ಆಳದಿಂದ ನೀರು ತೆಗೆದೆವು.’

ಎಷ್ಟು ಚೆಂದದ ಮಾತು ಅಲ್ವಾ! ಬರೆಯಲು ಕೂತಾಗ ಇದೆಲ್ಲ ಯಾಕೆ ಬಿಟ್ಟುಹೋಯಿತು? ‘ಕೈಗೊಳ್ಳಲಾಯಿತು’ ಎಂದರೆ ತೂಕ ಬರುತ್ತದೆ ಎಂಬ ನಂಬಿಕೆ. ಅವಳಿಗೆ ಅದನ್ನು ಕಲಿಸಿದ್ದು ನಾವು ಹಿರಿಯರೇ. ಆ ಸಂಕಟ ನನಗಿದೆ. ‘ಲಾಯಿತು’ ಎಲ್ಲ ಕಡೆಯೂ ತಪ್ಪಲ್ಲ. ಅದರ ಹಿಂದೆ ವಿವರ ಅಡಗಿ ಕೂರುವುದು ತಪ್ಪು. ಇಂಗ್ಲಿಷಿನಲ್ಲಿ ಬರೆದರೂ ಇದೇ ಕತೆ.

ಇನ್ನು ಪದಗಳು. ಒಂದೇ ಪದ ಮತ್ತೆ ಮತ್ತೆ ಬರಬಾರದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಸಂಶೋಧನಾ ಪ್ರಬಂಧದಲ್ಲಿ ಬರಲಿ ಬಿಡಿ. ಮಳೆಯನ್ನೇ ನೋಡಿ. ನಾವು ಸುಮ್ನೆ ‘ಭಾರೀ ಮಳೆ’ ಎನ್ನುತ್ತೇವೆ. ಹವಾಮಾನ ಇಲಾಖೆ ಹಾಗೆನ್ನಬೇಕಾದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಸುರಿದಿರಬೇಕು. 115.6 ಮುಟ್ಟಿದರೆ ಅದು ‘ಅತಿ ಭಾರೀ’. ಆ 24 ಗಂಟೆಯೂ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಪದ ಮಾಮೂಲಿಯದೇ, ಗಡಿ ಮಾತ್ರ ಗಟ್ಟಿ. ನೀವು ಒಂದು ಪುಟದಲ್ಲಿ ‘ಭಾರೀ’, ಮುಂದಿನದರಲ್ಲಿ ‘ಬಿರುಸಿನ’, ಆಮೇಲೆ ‘ಜಾಸ್ತಿ’ ಎಂದರೆ ಓದುವವರು ಮೂರು ಬಗೆಯ ಮಳೆ ಹುಡುಕುತ್ತಾರೆ.

‘ಗಣನೀಯ’ವೂ ಹಾಗೆಯೇ. ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿದ್ದರೆ ಮಾತ್ರ ಬಳಸಿ. ಅಲ್ಲೂ ಅದರ ಅರ್ಥ ‘ವ್ಯತ್ಯಾಸ ಬರೀ ಆಕಸ್ಮಿಕವೆನ್ನುವುದು ಕಷ್ಟ’ ಎಂದಷ್ಟೇ, ‘ವ್ಯತ್ಯಾಸ ದೊಡ್ಡದು’ ಎಂದಲ್ಲ. ವ್ಯತ್ಯಾಸ ಎಷ್ಟು ಅನ್ನುವುದನ್ನು ಅಂಕಿಯಲ್ಲಿ ಕೊಡಿ.

ಈಗ ನಿಮ್ಮ ಕರಡು ತೆಗೆಯಿರಿ. ‘ಲಾಯಿತು’ ಎಂದು ಮುಗಿಯುವ ವಾಕ್ಯಗಳ ಕೆಳಗೆ ಗೆರೆ ಎಳೆದು ಪಕ್ಕದವರಿಗೆ ಕೊಡಿ. ಯಾರು, ಎಲ್ಲಿ, ಯಾವಾಗ, ಎಷ್ಟು ಎಂದು ಅವರು ಕೇಳಲಿ. ನೀವು ಬಾಯಲ್ಲಿ ಹೇಳಿದ ಉತ್ತರವನ್ನು ಅವರೇ ಬರೆದುಕೊಳ್ಳಲಿ. ಹದಿನೈದು ನಿಮಿಷ ಸಾಕಾಗಬಹುದು. ನಾನು ಒಂದೊಂದೇ ಬೆಂಚಿನ ಹತ್ತಿರ ಬರುತ್ತೇನೆ.