1974: ಪೋರ್ಚುಗಲ್ಲಿನ ಒಂದು ವರ್ಷ

ಕೇಳುಗರಿಗೆಲ್ಲ ನಮಸ್ಕಾರ.

1974ನೆಯ ಇಸವಿ ಹುಟ್ಟಿದಾಗ ಪೋರ್ಚುಗಲ್ ದೇಶವು ಸರ್ವಾಧಿಕಾರದಡಿ ಅರ್ಧ ಶತಮಾನವನ್ನು ಸಮೀಪಿಸುತ್ತಿತ್ತು. 1926ರಲ್ಲಿ ಸೇನೆಯು ಅಲ್ಲಿನ ಗಣರಾಜ್ಯವನ್ನು ಉರುಳಿಸಿತು. 1932ರಲ್ಲಿ ಪ್ರಧಾನಿಯಾದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಸಾಲಾಜಾರ್, 1968ರಲ್ಲಿ ಆರೋಗ್ಯ ಕುಸಿಯುವವರೆಗೂ ಆ ಪೀಠವನ್ನು ಬಿಡಲಿಲ್ಲ. ಅವರ ನಂತರ ಬಂದ ಮಾರ್ಸೆಲೊ ಕೈತಾನೊ ರಹಸ್ಯ ಪೊಲೀಸರ ಹೆಸರನ್ನು ಬದಲಾಯಿಸಿದರೇ ಹೊರತು ಅವರ ಕೆಲಸವನ್ನು ಬದಲಾಯಿಸಲಿಲ್ಲ. ಪತ್ರಿಕೆಯ ಪ್ರತಿಯೊಂದು ಪುಟವೂ ಅಚ್ಚಿಗೆ ಹೋಗುವ ಮೊದಲು ಸೆನ್ಸಾರ್ ಅಧಿಕಾರಿಯ ನೀಲಿ ಪೆನ್ಸಿಲಿನ ಕೆಳಗೆ ಹಾದುಹೋಗಬೇಕಾಗಿತ್ತು.

ಆದರೆ ಆ ಆಡಳಿತವನ್ನು ಒಳಗಿನಿಂದ ತಿಂದುಹಾಕಿದ್ದು ಯುದ್ಧ. ಆಫ್ರಿಕಾದ ತನ್ನ ವಸಾಹತುಗಳಾದ ಅಂಗೋಲಾದಲ್ಲಿ 1961ರಿಂದ, ಗಿನಿಯಲ್ಲಿ (ಇಂದಿನ ಗಿನಿ-ಬಿಸೌ) 1963ರಿಂದ, ಮೊಜಾಂಬಿಕ್‌ನಲ್ಲಿ 1964ರಿಂದ ಸ್ವಾತಂತ್ರ್ಯ ಹೋರಾಟಗಾರರ ವಿರುದ್ಧ ಪೋರ್ಚುಗಲ್ ಏಕಕಾಲದಲ್ಲಿ ಕಾದಾಡುತ್ತಿತ್ತು. ಒಂದು ಕೋಟಿಗೂ ಕಡಿಮೆ ಜನಸಂಖ್ಯೆಯ ದೇಶವೊಂದು ತನ್ನ ತರುಣರನ್ನು ಕಡ್ಡಾಯ ಸೈನಿಕ ಸೇವೆಗೆಂದು ಆಫ್ರಿಕಾಕ್ಕೆ ಸಾಗಿಸುತ್ತಿದ್ದರೆ, ಆ ಸೇವೆಯಿಂದಲೂ ಬಡತನದಿಂದಲೂ ತಪ್ಪಿಸಿಕೊಳ್ಳಲು ಲಕ್ಷಾಂತರ ಮಂದಿ ಫ್ರಾನ್ಸಿಗೆ ಗುಳೆ ಹೋಗುತ್ತಿದ್ದರು. ಈ ಯುದ್ಧವನ್ನು ಶಸ್ತ್ರಬಲದಿಂದ ಗೆಲ್ಲಲಾಗದು ಎಂದು ಜನರಲ್ ಸ್ಪಿನೊಲಾ ಫೆಬ್ರುವರಿಯಲ್ಲಿ ಪುಸ್ತಕವನ್ನೇ ಬರೆದು ಪ್ರಕಟಿಸಿದರು. ಮಾರ್ಚ್ ತಿಂಗಳಲ್ಲಿ ಸರ್ಕಾರ ಅವರನ್ನು ಹುದ್ದೆಯಿಂದ ತೆಗೆಯಿತು. ಅದಾದ ಎರಡೇ ದಿನಗಳಲ್ಲಿ ಕಾಲ್ದಾಸ್ ದ ರೈನ್ಯಾ ಎಂಬ ಊರಿನ ದಂಡಿನವರು ಲಿಸ್ಬನ್ನಿನ ಕಡೆಗೆ ಹೊರಟು, ಬೆಂಬಲ ಸಿಗದೆ ಮರಳಿ ಬಂದು ಬಂಧನಕ್ಕೊಳಗಾದರು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಮುಂದೆ ಕ್ರಾಂತಿಯೆಂದು ಹೆಸರಾದ, ಸೇನೆಯ ಕ್ಯಾಪ್ಟನ್‌ಗಳ ಈ ಚಳವಳಿಯ ಮೊದಲ ಕಿಡಿ ಆದರ್ಶವಲ್ಲ, ಬಡ್ತಿಯ ತಕರಾರು. ತಾತ್ಕಾಲಿಕ ಸೇವೆಯ ಅಧಿಕಾರಿಗಳು ಸಂಕ್ಷಿಪ್ತ ತರಬೇತಿ ಪಡೆದು ಕಾಯಂ ಶ್ರೇಣಿಗೆ ಸೇರಬಹುದೆಂಬ 1973ರ ಆದೇಶವು, ವರ್ಷಗಟ್ಟಲೆ ಓದಿ ಬಂದಿದ್ದ ಕ್ಯಾಪ್ಟನ್‌ಗಳನ್ನು ಕೆರಳಿಸಿತ್ತು. ಅವರು ಮೊದಲು ಗುಟ್ಟಾಗಿ ಕೂಡಿದ್ದು ಆ ಅಸಮಾಧಾನವನ್ನು ಹೇಳಿಕೊಳ್ಳಲು. ಮಾತು ಬೆಳೆದಂತೆ, ತಾವು ಯಾರಿಗಾಗಿ ಸಾಯುತ್ತಿದ್ದೇವೆ ಎಂಬ ಪ್ರಶ್ನೆ ತಾನಾಗಿಯೇ ಎದುರಿಗೆ ಬಂದು ನಿಂತಿತು. ಸಣ್ಣ ಕಾರಣದಿಂದ ಹುಟ್ಟಿತೆಂದು ಈ ಚಳವಳಿಯನ್ನು ಹಗುರವಾಗಿ ಕಾಣುವವರಿದ್ದಾರೆ; ನನಗಂತೂ ಸಂಬಳ, ಬಡ್ತಿಗಳ ಮಾತಿನಿಂದ ಹೊರಟು ಸಾಮ್ರಾಜ್ಯದ ಅಂತ್ಯದವರೆಗೆ ನಡೆದ ಆ ದಾರಿಯೇ ಹೆಚ್ಚು ಕುತೂಹಲಕರವಾಗಿ ತೋರುತ್ತದೆ.

ಬಾನುಲಿಯಲ್ಲಿ ಮಾತನಾಡುತ್ತಿರುವ ನನಗೆ ಮುಂದಿನ ಭಾಗವನ್ನು ಹೇಳುವಾಗ ತುಸು ಅಭಿಮಾನವುಂಟಾಗುವುದು ಸಹಜ. ದಂಡುಗಳಿಗೆಲ್ಲ ಏಕಕಾಲಕ್ಕೆ ಸಂದೇಶ ತಲುಪಿಸುವ ಸಾಧನವಾಗಿ ಕ್ಯಾಪ್ಟನ್‌ಗಳು ಆರಿಸಿಕೊಂಡದ್ದು ರೇಡಿಯೋವನ್ನು. ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷಕ್ಕೆ ಲಿಸ್ಬನ್ನಿನ ಕೇಂದ್ರವೊಂದು, ಆ ವರ್ಷ ಯುರೋವಿಷನ್ ಎಂಬ ಯುರೋಪಿನ ಹಾಡಿನ ಸ್ಪರ್ಧೆಗೆ ಹೋಗಿ ಬಂದಿದ್ದ ಪ್ರೇಮಗೀತೆಯೊಂದನ್ನು ಬಿತ್ತರಿಸಿತು. ಯಾರಿಗೂ ಅನುಮಾನ ಬರುವಂತಿರಲಿಲ್ಲ. ಬಲ್ಲವರಿಗೆ ಮಾತ್ರ ಅದು ಸಿದ್ಧರಾಗಿರೆಂಬ ಸೂಚನೆಯಾಗಿತ್ತು. ಮಧ್ಯರಾತ್ರಿ ಕಳೆದು 20 ನಿಮಿಷಕ್ಕೆ ಕ್ಯಾಥೊಲಿಕ್ ಚರ್ಚಿಗೆ ಸೇರಿದ ರೇಡಿಯೋ ರೆನಶೆನ್ಸಾದಿಂದ ಜೋಸೆ ಅಫೋನ್ಸೊ ಅವರ 'ಗ್ರಾಂಡೊಲಾ' ಹಾಡು ಕೇಳಿಬಂತು. ಇನ್ನು ಹಿಂದಿರುಗುವಂತಿಲ್ಲ ಎಂಬುದೇ ಅದರ ಅರ್ಥ. ಬೆಳಗಿನ ಜಾವ ರೇಡಿಯೋ ಕ್ಲಬ್ ಕೇಂದ್ರವನ್ನು ವಶಪಡಿಸಿಕೊಂಡ ಸೈನಿಕರು, ನಾಗರಿಕರು ಮನೆಯಿಂದ ಹೊರಗೆ ಬರಬಾರದೆಂದು ಮತ್ತೆ ಮತ್ತೆ ಪ್ರಕಟಿಸಿದರು. ಜನ ಪ್ರಕಟಣೆಯನ್ನು ಗಮನವಿಟ್ಟು ಕೇಳಿ, ನೇರವಾಗಿ ಬೀದಿಗೆ ಬಂದರು.

ಸಾಂತರೇಂ ಪಟ್ಟಣದ ಅಶ್ವದಳ ಶಾಲೆಯಿಂದ ಹೊರಟ 29 ವರ್ಷದ ಕ್ಯಾಪ್ಟನ್ ಸಾಲ್ಗೇರೊ ಮಾಯಾ, ಬೆಳಗಾಗುವ ಹೊತ್ತಿಗೆ ನದಿ ದಂಡೆಯ ಅರಮನೆ ಚೌಕವನ್ನು ಸೇರಿದ್ದರು. ಅವರ ಮೇಲೆ ಗುಂಡು ಹಾರಿಸುವಂತೆ ಸರ್ಕಾರದ ಪರವಾಗಿದ್ದ ಬ್ರಿಗೇಡಿಯರ್ ತಮ್ಮ ಸೈನಿಕರಿಗೆ ಆಜ್ಞಾಪಿಸಿದಾಗ ಆ ಸೈನಿಕರೇ ಹಾರಿಸಲು ಒಪ್ಪಲಿಲ್ಲ. ಆ ದಿನದ ನಿರ್ಣಾಯಕ ಕ್ಷಣವೆಂದರೆ ಅದೇ. ಸಂಜೆ ಕಾರ್ಮೊ ಬ್ಯಾರಕ್ಕಿನಲ್ಲಿ ಅಡಗಿದ್ದ ಕೈತಾನೊ, ಅಧಿಕಾರವು ಬೀದಿಯ ಪಾಲಾಗಬಾರದೆಂಬ ನೆಪದಲ್ಲಿ, ಸ್ಪಿನೊಲಾ ಅವರನ್ನು ಕರೆಸಿ ಅವರಿಗೇ ಶರಣಾದರು. ಉಪಾಹಾರ ಗೃಹವೊಂದರಲ್ಲಿ ಕೆಲಸ ಮಾಡುತ್ತಿದ್ದ ಸೆಲೆಸ್ತೆ ಕೈರೊ ಎಂಬಾಕೆ, ಅಂದು ಬಾಗಿಲು ತೆರೆಯದ ಹೋಟೆಲಿನಿಂದ ಮನೆಗೆ ಒಯ್ಯುತ್ತಿದ್ದ ಕಾರ್ನೇಷನ್ ಹೂವೊಂದನ್ನು, ಸಿಗರೇಟು ಕೇಳಿದ ಸೈನಿಕನಿಗೆ ಕೊಟ್ಟದ್ದೂ ಅವನು ಅದನ್ನು ಬಂದೂಕಿನ ನಳಿಗೆಗೆ ಸಿಕ್ಕಿಸಿದ್ದೂ ಜಗತ್ತಿಗೆಲ್ಲ ಗೊತ್ತಿರುವ ಸಂಗತಿ. ರಕ್ತವೇ ಹರಿಯಲಿಲ್ಲ ಎಂಬುದು ಮಾತ್ರ ಪೂರ್ಣ ನಿಜವಲ್ಲ: ರಹಸ್ಯ ಪೊಲೀಸರು ತಮ್ಮ ಕಚೇರಿಯೆದುರು ನೆರೆದಿದ್ದ ಜನರ ಮೇಲೆ ಗುಂಡು ಹಾರಿಸಿದಾಗ ನಾಲ್ವರು ಸತ್ತರು.

ಹೂವಿನ ಈ ಚಿತ್ರವು ಎಷ್ಟು ಗಾಢವಾಗಿ ನಿಂತಿದೆಯೆಂದರೆ, ಉಳಿದ ಎಂಟು ತಿಂಗಳು ಅದರ ಹಿಂದೆ ಮರೆಯಾಗಿಬಿಟ್ಟಿವೆ. ಕಠಿಣವಾದ ಕೆಲಸವೆಲ್ಲ ಆ ತಿಂಗಳುಗಳಲ್ಲೇ ನಡೆಯಿತು. ರಾಜಕೀಯ ಕೈದಿಗಳು ಬಿಡುಗಡೆಯಾದರು. ಗಡಿಪಾರಾಗಿದ್ದ ಸಮಾಜವಾದಿ ನಾಯಕ ಮಾರಿಯೊ ಸೋರೆಸ್ ಪ್ಯಾರಿಸ್ಸಿನಿಂದ ರೈಲಿನಲ್ಲಿ ಬಂದಿಳಿದರು. ಮೇ ತಿಂಗಳಲ್ಲಿ 3,300 ಎಸ್ಕುಡೊಗಳ ಕನಿಷ್ಠ ವೇತನ ನಿಗದಿಯಾಯಿತು. ಅಧ್ಯಕ್ಷರಾದ ಸ್ಪಿನೊಲಾ ಅವರಿಗೆ ವಸಾಹತುಗಳೊಡನೆ ಒಕ್ಕೂಟದಂತಹ ಬಂಧವೊಂದು ಉಳಿಯಬೇಕಿತ್ತು. ಕ್ಯಾಪ್ಟನ್‌ಗಳಿಗೆ ಯುದ್ಧ ನಿಲ್ಲಬೇಕಿತ್ತು. ಕ್ಯಾಪ್ಟನ್‌ಗಳೇ ಗೆದ್ದರು. ಜುಲೈ 27ರ ಕಾನೂನು ವಸಾಹತುಗಳ ಸ್ವಾತಂತ್ರ್ಯದ ಹಕ್ಕನ್ನು ಒಪ್ಪಿಕೊಂಡಿತು. ಸೆಪ್ಟೆಂಬರ್ 10ರಂದು ಗಿನಿ-ಬಿಸೌ ದೇಶದ ಸ್ವಾತಂತ್ರ್ಯಕ್ಕೆ ಮನ್ನಣೆ ದೊರೆಯಿತು. ಮೊಜಾಂಬಿಕ್ ಕುರಿತ ಒಪ್ಪಂದಕ್ಕೆ ಜಾಂಬಿಯಾದ ಲುಸಾಕಾದಲ್ಲಿ ಸಹಿ ಬಿದ್ದ ದಿನವೇ, ಅದನ್ನು ವಿರೋಧಿಸಿದ ಬಿಳಿಯ ವಲಸಿಗರು ಮೊಜಾಂಬಿಕ್‌ನ ರೇಡಿಯೋ ಕೇಂದ್ರಕ್ಕೆ ನುಗ್ಗಿ ಕೆಲವು ದಿನ ಅದನ್ನು ಹಿಡಿದಿಟ್ಟುಕೊಂಡರು. ಸೆಪ್ಟೆಂಬರ್ ಕೊನೆಯಲ್ಲಿ ಸ್ಪಿನೊಲಾ ರಾಜೀನಾಮೆ ಕೊಟ್ಟರು.

ಈ ವರ್ಷದ ಕೊನೆಯ ಪುಟ ನಮ್ಮ ನೆಲಕ್ಕೂ ಸಂಬಂಧಿಸಿದ್ದು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದರೂ ಲಿಸ್ಬನ್ ಅದನ್ನು ಒಪ್ಪಿರಲಿಲ್ಲ. ಅದಕ್ಕೂ ಮೊದಲು ಗೋವಾದ ಹೋರಾಟಗಾರರು ಗುಪ್ತ ರೇಡಿಯೋ ಕೇಂದ್ರವೊಂದನ್ನು ನಮ್ಮ ಉತ್ತರ ಕನ್ನಡದ ಕ್ಯಾಸಲ್ ರಾಕ್‌ನಿಂದ ನಡೆಸಿದ್ದರೆಂಬುದನ್ನೂ, ಕಾರವಾರದ ತೀರದಾಚೆಗಿನ ಅಂಜದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತೆಂಬುದನ್ನೂ ಹಿರಿಯ ಕೇಳುಗರು ಬಲ್ಲರು. ಕೊನೆಯವರೆಗೂ ಹೋರಾಡಿ ಮಡಿಯಿರೆಂಬ ಸಾಲಾಜಾರ್ ಅವರ ಆಜ್ಞೆಯನ್ನು ಮೀರಿ ಶರಣಾಗಿ, ಸಾವಿರಾರು ಜೀವಗಳನ್ನು ಉಳಿಸಿದ ಗವರ್ನರ್ ವಸ್ಸಾಲೊ ಇ ಸಿಲ್ವಾ ಅವರನ್ನು ಸೇನೆಯಿಂದಲೇ ಹೊರಹಾಕಲಾಗಿತ್ತು. ಕ್ರಾಂತಿಯ ನಂತರವೇ ಅವರಿಗೆ ಆ ಗೌರವ ಮರಳಿದ್ದು. 1974ರ ಡಿಸೆಂಬರ್ 31ರಂದು ವಿದೇಶಾಂಗ ಸಚಿವರಾಗಿ ದೆಹಲಿಗೆ ಬಂದ ಸೋರೆಸ್, ಗೋವಾ, ದಮನ್, ದಿಯು, ದಾದ್ರಾ ಮತ್ತು ನಗರ್ ಹವೇಲಿಗಳ ಮೇಲೆ ಭಾರತದ ಸಾರ್ವಭೌಮತ್ವವನ್ನು ಒಪ್ಪುವ ಒಪ್ಪಂದಕ್ಕೆ ಯಶವಂತರಾವ್ ಚವಾಣ್ ಅವರೊಂದಿಗೆ ಸಹಿ ಹಾಕಿದರು.

ಅದೇ ಡಿಸೆಂಬರಿನಲ್ಲಿ ಪೋರ್ಚುಗಲ್ಲಿನಲ್ಲಿ ಮತದಾರರ ನೋಂದಣಿ ನಡೆಯುತ್ತಿತ್ತು. ಅಂಗೋಲಾದ ಪ್ರಶ್ನೆ ಬಗೆಹರಿದಿರಲಿಲ್ಲ, ಹೊಸ ಸಂವಿಧಾನ ಇನ್ನೂ ಬರೆಯಬೇಕಿತ್ತು. ನವೆಂಬರಿನ ಚುನಾವಣಾ ಕಾನೂನು ಗಂಡು, ಹೆಣ್ಣು ಎಂಬ ಭೇದವಿಲ್ಲದೆ, ಅಕ್ಷರ ಬಾರದವರನ್ನೂ ಸೇರಿಸಿಕೊಂಡು, 18 ತುಂಬಿದವರಿಗೆಲ್ಲ ಮತದಾನದ ಹಕ್ಕು ಕೊಟ್ಟಿದ್ದರಿಂದ, ಜೀವನದಲ್ಲಿ ಒಮ್ಮೆಯೂ ಮತ ಹಾಕದಿದ್ದ ಅಜ್ಜಿ ತಾತಂದಿರೂ ಮೊಮ್ಮಕ್ಕಳೊಂದಿಗೆ ಆ ಪಟ್ಟಿಗೆ ಹೆಸರು ಬರೆಸಬಹುದಾಗಿತ್ತು.

ನಮಸ್ಕಾರ.