ಗಣಿಯ ಉಪ್ಪುನೀರು: ಹಿಂದಿನ ಪೈಪಿನ ಕಥೆ

[ದೃಶ್ಯ: ತಾರಸಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆ. ತಳದಲ್ಲಿ ಬಿಳಿಯ ಪದರ. ಉಗುರಿನಿಂದ ಕೆರೆದರೆ ಪುಡಿ ಏಳುತ್ತದೆ.]

ನಮಸ್ಕಾರ. ಮೂರು ದಿನಗಳ ಹಿಂದೆ ಈ ತಟ್ಟೆಯಲ್ಲಿ ಎರಡು ಲೋಟ ನೀರಿತ್ತು. ಬಿಸಿಲು ನೀರನ್ನು ಒಯ್ದಿತು, ಇದನ್ನು ಬಿಟ್ಟುಹೋಯಿತು. ನೀರು ತಂದದ್ದು ಶುದ್ಧ ಕುಡಿಯುವ ನೀರಿನ ಘಟಕವೊಂದರಿಂದ. ಮುಂದಿನ ನಲ್ಲಿಯಿಂದಲ್ಲ, ಹಿಂದಿನ ಪೈಪಿನಿಂದ. ಎದುರುಗಡೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವಷ್ಟು ಹೊತ್ತೂ ಕಟ್ಟಡದ ಹಿಂದೆ ಒಂದು ಪೈಪಿನಿಂದ ಚರಂಡಿಗೆ ನೀರು ಬೀಳುತ್ತಲೇ ಇರುತ್ತದೆ. ಶುದ್ಧ ನೀರಿನಿಂದ ಹೊರಗೆ ತಳ್ಳಿದ ಉಪ್ಪು, ಸುಣ್ಣ, ಫ್ಲೋರೈಡ್ ಎಲ್ಲ ಅದರಲ್ಲಿರುತ್ತದೆ. ಸಾಲಿನಲ್ಲಿ ನಿಂತವರು ಅತ್ತ ನೋಡುವುದಿಲ್ಲ. ವರ್ಷಗಟ್ಟಲೆ ಕ್ಯಾನ್ ಹಿಡಿದು ನಿಂತ ನಾನೂ ನೋಡಿರಲಿಲ್ಲ.

ಇಂದಿನ ವಿಡಿಯೋ ಅಂಥದ್ದೇ ಹಿಂದಿನ ಪೈಪಿನ ಬಗ್ಗೆ. ಆದರೆ ಅದು ದಿನಕ್ಕೆ ಕೋಟಿಗಟ್ಟಲೆ ಲೀಟರ್ ಸುರಿಯುವ ಪೈಪು. ಅದರ ಇನ್ನೊಂದು ತುದಿ ಕಲ್ಲಿದ್ದಲು ಗಣಿಯೊಳಗಿದೆ.

[ದೃಶ್ಯ: ಯುರೋಪಿನ ನಕ್ಷೆ. ಪೋಲೆಂಡ್ ಮತ್ತು ಜರ್ಮನಿಯ ಗಡಿಯುದ್ದಕ್ಕೂ ಹರಿಯುವ ಓಡರ್ ನದಿ ನೀಲಿಯಲ್ಲಿ ಮೂಡುತ್ತದೆ.]

2022ರ ಜುಲೈ ಕೊನೆ, ಆಗಸ್ಟ್. ಓಡರ್ ನದಿಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು. ಎರಡೂ ದೇಶಗಳ ದಡಗಳಿಂದ ಎತ್ತಿದ ಸತ್ತ ಮೀನಿನ ತೂಕ ಸುಮಾರು 360 ಟನ್. ಯಾರೋ ವಿಷ ಸುರಿದಿರಬೇಕು ಎಂದು ಮೊದಲು ಎಲ್ಲರೂ ಊಹಿಸಿದರು. ಪಾದರಸದ ಮಾತೂ ಬಂತು. ಕೊನೆಗೆ ಸಿಕ್ಕಿಬಿದ್ದದ್ದು ಪ್ರಿಮ್ನೀಸಿಯಂ ಪಾರ್ವಮ್ ಎಂಬ ಪಾಚಿ, ಜನ ಕರೆಯುವ ಹೆಸರಿನಲ್ಲಿ ‘ಚಿನ್ನದ ಪಾಚಿ’. ಅದರ ವಿಷ ಮೀನಿನ ಕಿವಿರನ್ನೇ ಹಾಳುಮಾಡುತ್ತದೆ.

ವಿಚಿತ್ರವೆಂದರೆ ಈ ಪಾಚಿ ಸಿಹಿನೀರಿನದಲ್ಲ. ನದಿ ಕಡಲು ಸೇರುವ ಅಳಿವೆಯಂಥ ಉಪ್ಪುಪ್ಪಾದ ನೀರು ಅದಕ್ಕೆ ಬೇಕು. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗೆ, ಸಿಹಿನೀರಿನ ನದಿಯಲ್ಲಿ ಅದಕ್ಕೇನು ಕೆಲಸ? ಆ ಬೇಸಿಗೆ ಮಳೆ ಕಡಿಮೆಯಾಗಿತ್ತು, ನದಿ ಬತ್ತಿತ್ತು, ನೀರು ಬಿಸಿಯಾಗಿತ್ತು. ಗಣಿಗಳೂ ಕಾರ್ಖಾನೆಗಳೂ ಬಿಡುವ ಉಪ್ಪು ಮಾತ್ರ ಕಡಿಮೆಯಾಗಲಿಲ್ಲ. ಸಾರಿಗೆ ನೀರು ಕಡಿಮೆ ಬಿದ್ದರೆ ಉಪ್ಪು ಏರುವ ಹಾಗೆ ನದಿಯೂ ಉಪ್ಪಾಯಿತು.

[ದೃಶ್ಯ: ಗಣಿಯ ಅಡ್ಡಸೀಳು ಚಿತ್ರ. ಕಪ್ಪು ಕಲ್ಲಿದ್ದಲ ಪದರಗಳು, ಬಿರುಕುಗಳಿಂದ ಜಿನುಗುವ ನೀರು, ಮೇಲಕ್ಕೆ ಎತ್ತುವ ಪಂಪು.]

ಗಣಿಯಲ್ಲಿ ಉಪ್ಪು ಎಲ್ಲಿಂದ ಬಂತು? ಊರಿಂದೂರಿಗೆ ಉತ್ತರ ಬೇರೆ. ಪೋಲೆಂಡಿನ ದಕ್ಷಿಣದಲ್ಲಿರುವ ‘ಮೇಲಿನ ಸಿಲೇಸಿಯಾ’ ಎಂಬ ಕಲ್ಲಿದ್ದಲು ಸೀಮೆಯಲ್ಲಿ ಬಂಡೆಗಳ ನಡುವೆ ಬಹು ಪುರಾತನ ಉಪ್ಪುನೀರು ಸಿಕ್ಕಿಕೊಂಡಿದೆ. ಆಳಕ್ಕೆ ಹೋದಷ್ಟೂ ಉಪ್ಪು ಹೆಚ್ಚು. ಕೆಲವು ಕಡೆ ಸಮುದ್ರದ ನೀರನ್ನೂ ಮೀರಿಸುತ್ತದೆ. ಪಂಪು ನಿಲ್ಲಿಸಿದರೆ ಗಣಿ ಮುಳುಗುತ್ತದೆ. ಹಾಗಾಗಿ ಕಲ್ಲಿದ್ದಲು ಬೇಕೆಂದರೆ ಉಪ್ಪುನೀರನ್ನೂ ಎತ್ತಲೇಬೇಕು.

ದಕ್ಷಿಣ ಆಫ್ರಿಕಾದ ಕಥೆ ಬೇರೆ. ಅಲ್ಲಿನ ಕಲ್ಲಿದ್ದಲಿನ ಜೊತೆ ಪೈರೈಟ್ ಇದೆ, ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ. ನೆಲದೊಳಗೆ ಸುಮ್ಮನಿದ್ದ ಅದಕ್ಕೆ ಗಣಿ ತೋಡಿದ ಮೇಲೆ ಗಾಳಿಯೂ ನೀರೂ ತಗಲುತ್ತವೆ, ಗಂಧಕಾಮ್ಲ ಹುಟ್ಟುತ್ತದೆ. ಆಮ್ಲ ಅಕ್ಕಪಕ್ಕದ ಕಲ್ಲನ್ನು ಕರಗಿಸುತ್ತದೆ. ಕೊನೆಗೆ ಸಲ್ಫೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ತುಂಬಿದ ಹುಳಿನೀರು ಸಿಗುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಸಲ್ಫೇಟ್ ಲೀಟರಿಗೆ 200 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 400. ಇಂಥ ಗಣಿನೀರಿನಲ್ಲಿ ಅದು ಸಾವಿರಗಳಲ್ಲಿರುತ್ತದೆ. ಹೊಟ್ಟೆ ಕಟ್ಟಿದವರಿಗೆ ಕೊಡುವ ಎಪ್ಸಮ್ ಉಪ್ಪು ಮೆಗ್ನೀಸಿಯಂ ಸಲ್ಫೇಟೇ. ಆ ನೀರು ಕುಡಿದರೆ ಏನಾಗುತ್ತದೆ ಎಂದು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

[ದೃಶ್ಯ: ದಕ್ಷಿಣ ಆಫ್ರಿಕಾದ ನಕ್ಷೆಯಲ್ಲಿ ಎಮಲಾಹ್ಲೇನಿ. ಸಾಲಾಗಿ ನಿಂತ ಉದ್ದನೆಯ ಬಿಳಿ ಕೊಳವೆಗಳು.]

ಎಮಲಾಹ್ಲೇನಿ ಎಂದರೆ ‘ಕಲ್ಲಿದ್ದಲಿನ ಊರು’. ಹಿಂದೆ ಇದರ ಹೆಸರು ವಿಟ್‌ಬ್ಯಾಂಕ್. ಗಣಿಯೊಳಗೆ ನೀರು ಹೆಚ್ಚಾಗಿ ಗಣಿಗಾರಿಕೆಗೆ ತೊಂದರೆ, ಮೇಲೆ ಊರಿಗೆ ಕುಡಿಯಲು ನೀರು ಸಾಲದು. ಆಂಗ್ಲೋ ಅಮೆರಿಕನ್ ಗಣಿ ಕಂಪನಿ 2007ರಲ್ಲಿ ಇಲ್ಲಿ ಶುದ್ಧೀಕರಣ ಘಟಕ ಆರಂಭಿಸಿತು. ಮೊದಲು ದಿನಕ್ಕೆ 2.5 ಕೋಟಿ ಲೀಟರ್, ಬಳಿಕ ಅದರ ಎರಡರಷ್ಟು. ಆ ನೀರು ಊರಿನ ನಲ್ಲಿಗಳಿಗೂ ಹೋಯಿತು.

ಒಳಗಿರುವುದು ನಮ್ಮ ಅಡುಗೆಮನೆಯ ಆರ್‌ಒ ತಂತ್ರವೇ: ಒತ್ತಡ ಹಾಕಿ ಪೊರೆಯ ಮೂಲಕ ನೀರನ್ನು ತಳ್ಳುವುದು. ತೊಡಕಿರುವುದು ಇಲ್ಲಿ. ಗಣಿನೀರಿನ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಕೂಡಿದರೆ ಜಿಪ್ಸಂ. ಒಂದು ಲೀಟರ್ ನೀರಿನಲ್ಲಿ ಜಿಪ್ಸಂ ಎರಡು ಗ್ರಾಂಗಿಂತ ತುಸು ಹೆಚ್ಚು ಮಾತ್ರ ಕರಗಿರಬಲ್ಲದು. ಸಿಹಿನೀರನ್ನು ಹೊರತೆಗೆದಂತೆ ಉಳಿದ ನೀರು ಗಟ್ಟಿಯಾಗುತ್ತದೆ, ಜಿಪ್ಸಂ ಹರಳಾಗಿ ಪೊರೆಯ ಮೇಲೆಯೇ ಕೂರುತ್ತದೆ. ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆ ಅಂಥ ಪದರದ ಪರಿಚಯವಿರುತ್ತದೆ.

ಎಮಲಾಹ್ಲೇನಿಯಲ್ಲಿ ಮಾಡಿದ ಜಾಣತನ ಸರಳ. ಜಿಪ್ಸಂ ಹೇಗೂ ಕೂರುತ್ತದೆ ಎಂದಾದರೆ ಪೊರೆಯ ಮೇಲೆ ಯಾಕೆ ಕೂರಬೇಕು, ತೊಟ್ಟಿಯಲ್ಲಿ ಕೂರಲಿ. ಒಂದು ಹಂತದ ಆರ್‌ಒ ಆದ ಮೇಲೆ ಉಳಿದ ಗಟ್ಟಿನೀರನ್ನು ತೊಟ್ಟಿಗೆ ಬಿಡುತ್ತಾರೆ, ಸುಣ್ಣ ಸೇರಿಸಿ ಜಿಪ್ಸಂ ಇಳಿಸುತ್ತಾರೆ, ಹಗುರಾದ ನೀರನ್ನು ಮತ್ತೆ ಪೊರೆಗೆ ಕೊಡುತ್ತಾರೆ. ಹೀಗೆ ಮೂರು ಸಲ. ಒಳಗೆ ಬಂದ ನೀರಿನಲ್ಲಿ ಶೇಕಡ 99ರಷ್ಟು ಶುದ್ಧ ನೀರಾಗಿ ಹೊರಬರುತ್ತದೆ. ತೊಟ್ಟಿಯ ತಳದಲ್ಲಿ ಉಳಿದ ಜಿಪ್ಸಂನಿಂದ ಕಟ್ಟಡದ ಇಟ್ಟಿಗೆ ಮಾಡಿ, ಮನೆಗಳನ್ನೂ ಕಟ್ಟಿ ತೋರಿಸಿದರು. ಕಡಲೆಕಾಯಿ ಹೊಲಕ್ಕೂ ಕ್ಷಾರ ಮಣ್ಣಿಗೂ ಮೂಟೆಗಟ್ಟಲೆ ಜಿಪ್ಸಂ ಕೊಂಡು ಹಾಕುವ ನಮ್ಮ ರೈತರಿಗೆ ಅದರ ಬೆಲೆ ತಿಳಿದಿದೆ.

[ದೃಶ್ಯ: ಒಲೆಯ ಮೇಲೆ ಪಾತ್ರೆ, ಕುದಿಯುವ ನೀರು. ಪಕ್ಕದಲ್ಲಿ ವಿದ್ಯುತ್ ಮೀಟರು ತಿರುಗುತ್ತಿದೆ.]

ಆದರೆ ಸಿಲೇಸಿಯಾದ ನೀರಿನಲ್ಲಿ ಹೆಚ್ಚಿನ ಪಾಲು ಅಡುಗೆ ಉಪ್ಪು. ಅದು ಸುಣ್ಣ ಹಾಕಿದರೆ ಇಳಿಯುವುದಿಲ್ಲ. ಆರ್‌ಒ ಪೊರೆಗೂ ಒಂದು ಮಿತಿ ಇದೆ: ಉಪ್ಪು ಲೀಟರಿಗೆ 70 ಗ್ರಾಂ ಸುಮಾರಿಗೆ ಬಂದಾಗ ಸಾಮಾನ್ಯ ಪೊರೆ ಕೈಚೆಲ್ಲುತ್ತದೆ. ಆಮೇಲೆ ಉಳಿದ ದಾರಿ ಕುದಿಸುವುದು.

ಲೆಕ್ಕ ಹಾಕಿ. ಸಾವಿರ ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು 600ಕ್ಕೂ ಹೆಚ್ಚು ಯೂನಿಟ್ ಶಕ್ತಿ ಬೇಕು. ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ ಒಂದು ಮನೆ ಮೂರು ತಿಂಗಳು ನಡೆಯುವಷ್ಟು. ಸಮುದ್ರದ ನೀರನ್ನು ಆರ್‌ಒ ಮಾಡಲು ಅಷ್ಟೇ ಶುದ್ಧ ನೀರಿಗೆ ಮೂರು–ನಾಲ್ಕು ಯೂನಿಟ್ ಸಾಕು. ಪೋಲೆಂಡಿನ ದೆಂಬಿಯೆನ್ಸ್ಕೊದಲ್ಲಿ 1990ರ ದಶಕದಲ್ಲೇ ಗಣಿನೀರಿನಿಂದ ಉಪ್ಪು ತೆಗೆಯುವ ಘಟಕ ಕಟ್ಟಿದರು. ಅಲ್ಲಿ ಒಮ್ಮೆ ಎದ್ದ ಆವಿಯನ್ನು ಬಿಟ್ಟುಬಿಡುವುದಿಲ್ಲ. ಅದುಮಿ ಇನ್ನಷ್ಟು ಬಿಸಿ ಮಾಡಿ, ಅದೇ ಆವಿಯಿಂದ ಮುಂದಿನ ನೀರನ್ನು ಕುದಿಸುತ್ತಾರೆ. ಇದರಿಂದ ನೂರಾರು ಯೂನಿಟ್ ಹತ್ತಾರಕ್ಕೆ ಇಳಿಯುತ್ತದೆ. ಆದರೂ ಅದು ದುಬಾರಿಯೇ. ಉಪ್ಪೋ, ಜಗತ್ತಿನ ಅತಿ ಅಗ್ಗದ ಸರಕುಗಳಲ್ಲಿ ಒಂದು. ಉಪ್ಪು ಮಾರಿ ಕರೆಂಟಿನ ಬಿಲ್ಲು ಕಟ್ಟುತ್ತೇನೆ ಎನ್ನುವವರ ಮಾತನ್ನು ನಾನಂತೂ ಅನುಮಾನದಿಂದಲೇ ಕೇಳುತ್ತೇನೆ.

[ದೃಶ್ಯ: ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರ. ಚೌಕಚೌಕ ಕಟ್ಟೆಗಳು, ಬಿಳಿ ರಾಶಿಗಳು.]

ಅಗ್ಗದ ಉಪ್ಪಿಗಾದರೂ ಬೆಲೆ ಬರಬೇಕಾದರೆ ಅದು ಶುದ್ಧವಾಗಿರಬೇಕು. ಸಾಣಿಕಟ್ಟಾದಂಥ ಆಗರದಲ್ಲಿ ನಡೆಯುವುದೂ ಇದೇ ಕೆಲಸ. ಸಮುದ್ರದ ನೀರು ಬತ್ತುತ್ತಾ ಬಂದಂತೆ ಮೊದಲು ಇಳಿಯುವುದು ಸುಣ್ಣ ಮತ್ತು ಜಿಪ್ಸಂ, ಆಮೇಲೆ ಉಪ್ಪು. ಕೊನೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಇರುತ್ತದೆ. ಆ ಕಹಿ ಇಳಿಯುವ ಮೊದಲೇ ಉಪ್ಪನ್ನು ಎಳೆದುಕೊಳ್ಳಬೇಕು. ಎಲ್ಲವೂ ಒಟ್ಟಿಗೆ ಒಣಗಿತೋ, ಅದು ನನ್ನ ತಟ್ಟೆಯ ಪುಡಿಯ ಹಾಗೆ: ಅಡುಗೆಗೂ ಬಾರದು, ಹೊಲಕ್ಕೂ ಬಾರದು.

ಪೋಲೆಂಡಿನ ಬೊಲೆಸ್ವಾಫ್ ಶ್ಮ್ಯಾವಿ ಗಣಿಯಲ್ಲಿ ಯುರೋಪಿಯನ್ ಒಕ್ಕೂಟದ ನೆರವಿನ ‘ಝೀರೋ ಬ್ರೈನ್’ ಯೋಜನೆ ಪ್ರಾಯೋಗಿಕವಾಗಿ ಮಾಡಿದ್ದು ಈ ವಿಂಗಡಣೆಯನ್ನೇ. ಬಳಸಿದ್ದು ನ್ಯಾನೋಫಿಲ್ಟ್ರೇಷನ್ ಪೊರೆ. ರವೆಯನ್ನು ಮೇಲೆ ಹಿಡಿದು ಹಿಟ್ಟನ್ನು ಕೆಳಗೆ ಬಿಡುವ ಜರಡಿಯಂತೆ ಇದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಲ್ಫೇಟ್‌ಗಳನ್ನು ತಡೆಯುತ್ತದೆ, ಸೋಡಿಯಂ ಮತ್ತು ಕ್ಲೋರೈಡನ್ನು ಹೋಗಲು ಬಿಡುತ್ತದೆ. ಜರಡಿ ನೋಡುವುದು ಕಾಳಿನ ಗಾತ್ರವನ್ನು. ಈ ಪೊರೆ ಗಾತ್ರದ ಜೊತೆಗೆ ವಿದ್ಯುದಂಶವನ್ನೂ ನೋಡುತ್ತದೆ. ಎರಡು ಅಂಶ ಹೊತ್ತವು ಹಿಂದೆ ಉಳಿಯುತ್ತವೆ, ಒಂದೇ ಹೊತ್ತವು ದಾಟುತ್ತವೆ. ದಾಟಿದ್ದನ್ನು ಗಟ್ಟಿ ಮಾಡಿದರೆ ಒಳ್ಳೆಯ ಉಪ್ಪು. ಹಿಂದೆ ಉಳಿದದ್ದರಿಂದ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಮತ್ತು ಜಿಪ್ಸಂ.

[ದೃಶ್ಯ: ಕೆಂಪು ಐಸ್‌ಕ್ಯಾಂಡಿ. ಚೀಪಿದ ತುದಿ ಬಣ್ಣ ಕಳೆದುಕೊಂಡು ಬೆಳ್ಳಗಾಗಿದೆ.]

ಕುದಿಸದೆ ಹೆಪ್ಪುಗಟ್ಟಿಸಿದರೆ? ನನಗೆ ಬಹಳ ಇಷ್ಟವಾದ ಭಾಗ ಇದು. ಐಸ್‌ಕ್ಯಾಂಡಿ ಚೀಪುವಾಗ ಬಣ್ಣ, ಸಿಹಿ ಮೊದಲೇ ಬಾಯಿಗೆ ಬಂದು ಕಡ್ಡಿಯಲ್ಲಿ ಸಪ್ಪೆ ಮಂಜುಗಡ್ಡೆ ಉಳಿಯುವುದನ್ನು ನೆನಪಿಸಿಕೊಳ್ಳಿ. ನೀರು ಹೆಪ್ಪುಗಟ್ಟುವಾಗ ತನ್ನ ಹರಳಿನೊಳಗೆ ಬೇರೆಯವರಿಗೆ ಜಾಗ ಕೊಡುವುದಿಲ್ಲ. ಸಕ್ಕರೆ, ಬಣ್ಣ, ಉಪ್ಪು ಎಲ್ಲವನ್ನೂ ಹೊರಗೆ ದೂಡುತ್ತದೆ. ಉಪ್ಪುನೀರನ್ನು ತಣಿಸುತ್ತಾ ಹೋದರೆ ಒಂದು ನಿರ್ದಿಷ್ಟ ತಾಪಮಾನದಲ್ಲಿ ಮಂಜುಗಡ್ಡೆಯೂ ಉಪ್ಪಿನ ಹರಳೂ ಒಟ್ಟಿಗೆ, ಆದರೆ ಬೇರೆಬೇರೆಯಾಗಿ ಮೂಡುತ್ತವೆ. ಮಂಜುಗಡ್ಡೆ ತೇಲುತ್ತದೆ, ಹರಳು ಮುಳುಗುತ್ತದೆ.

ಈ ತಾಪಮಾನ ಪ್ರತಿ ಲವಣಕ್ಕೂ ಬೇರೆ. ಸೋಡಿಯಂ ಸಲ್ಫೇಟಿಗೆ ಸೊನ್ನೆಗಿಂತ ಸುಮಾರು 1 ಡಿಗ್ರಿ ಕೆಳಗೆ, ಅಡುಗೆ ಉಪ್ಪಿಗೆ ಸುಮಾರು 21 ಡಿಗ್ರಿ ಕೆಳಗೆ. ಹಾಗಾಗಿ ತಣಿಸುತ್ತಾ ಹೋದಂತೆ ಒಂದೊಂದನ್ನೇ ಹೊರತೆಗೆಯಬಹುದು. ಬಟ್ಟೆ ಒಗೆಯುವ ಪುಡಿ, ಗಾಜು, ಕಾಗದದ ಉದ್ಯಮಗಳಿಗೆ ಸೋಡಿಯಂ ಸಲ್ಫೇಟ್ ಬೇಕು. ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಆಲಿಸನ್ ಲೂಯಿಸ್ ಅವರ ತಂಡ ಗಣಿನೀರಿಗಾಗಿ ಈ ವಿಧಾನವನ್ನು ವರ್ಷಗಳಿಂದ ಬೆಳೆಸಿದೆ. ನೀರನ್ನು ಹೆಪ್ಪುಗಟ್ಟಿಸಲು ತೆಗೆಯಬೇಕಾದ ಶಾಖ, ಆವಿ ಮಾಡಲು ಕೊಡಬೇಕಾದದ್ದರ ಸುಮಾರು ಏಳನೇ ಒಂದು ಭಾಗ. ಆದರೆ ಆವಿಯನ್ನೇ ಮತ್ತೆ ದುಡಿಸುವ ಘಟಕಗಳ ಎದುರು ಈ ಲಾಭ ನಿಜದಲ್ಲಿ ಕಾಗದದ ಮೇಲೆ ಕಂಡಷ್ಟು ದೊಡ್ಡದಲ್ಲ. ತಂಪು ಗೋಡೆಗೇ ಅಂಟಿಕೊಳ್ಳುವ ಮಂಜನ್ನು ಕೆರೆಯುತ್ತಲೇ ಇರಬೇಕು. ಹಳೆಯ ಫ್ರಿಜ್ ಇಟ್ಟುಕೊಂಡವರಿಗೆ ಆ ಕಷ್ಟ ಗೊತ್ತು.

[ದೃಶ್ಯ: ಮತ್ತೆ ಓಡರ್ ನದಿ, ದಡದಿಂದ.]

ತಂತ್ರಜ್ಞಾನ ಇಷ್ಟೆಲ್ಲ ಇದ್ದೂ ಪೈಪು ನದಿಯ ಕಡೆಗೇ ಯಾಕೆ ತಿರುಗಿದೆ? ನದಿಗೆ ಬಿಡುವುದು ಎಲ್ಲಕ್ಕಿಂತ ಅಗ್ಗ. ಎಮಲಾಹ್ಲೇನಿಯಲ್ಲಿ ಲೆಕ್ಕ ಸರಿಹೋದದ್ದು ಜಿಪ್ಸಂ ಮಾರಿದ್ದರಿಂದಲ್ಲ. ಬಾಯಾರಿದ ಊರು ಪಕ್ಕದಲ್ಲೇ ಇತ್ತು, ನೀರು ತೆಗೆಯದೆ ಗಣಿಯೂ ನಡೆಯುತ್ತಿರಲಿಲ್ಲ. ಸಿಲೇಸಿಯಾದ ಉಪ್ಪಿಗೆ ಅಂಥ ಗಿರಾಕಿ ಇಲ್ಲ. 360 ಟನ್ ಮೀನಿನ ಬೆಲೆಯನ್ನು ಗಣಿಯ ಖರ್ಚಿನ ಪುಸ್ತಕದಲ್ಲಿ ಯಾರೂ ಬರೆಯದಿರುವವರೆಗೆ ದೆಂಬಿಯೆನ್ಸ್ಕೊದಂಥ ಘಟಕ ದುಬಾರಿಯಾಗಿಯೇ ಕಾಣುತ್ತದೆ.

[ದೃಶ್ಯ: ತಾರಸಿ. ತಟ್ಟೆಯ ಮೇಲೆ ನೀರು ಬೀಳುತ್ತದೆ.]

ಈ ತಟ್ಟೆಯನ್ನು ಈಗ ತೊಳೆಯಬೇಕು. ನೀರು ಹಾಕಿದ ಕೂಡಲೇ ಒಂದಷ್ಟು ಪದರ ಕರಗಿ ಹೋಯಿತು. ಅದು ಉಪ್ಪಿನ ಪಾಲು. ಉಳಿದದ್ದು ಕದಲಲಿಲ್ಲ. ಹುಣಸೆಹಣ್ಣು ಹಚ್ಚಿ ಉಜ್ಜಿದ ಮೇಲೆ ಬಿಟ್ಟಿತು, ಅದು ಸುಣ್ಣದ್ದು. ಎರಡನ್ನೂ ಅಚ್ಚುಕಟ್ಟಾಗಿ ಬೇರ್ಪಡಿಸಿದೆ ನೋಡಿ.

ಎರಡೂ ಚರಂಡಿಗೇ ಹೋದವು.